ತಟ್ಟದೆ ಬಂದವನು

ಟ್ರಿಫಿ ಅತ್ತೆ ಮೂಸ್ ಹೊಡೆದದ್ದು ನಿಜ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ವಕೀಲರೆಲ್ಲ ಸುಳ್ಳರು ಎಂದು ನನ್ನ ಮೇಲೆ ಎಗರಬೇಡಿ. ಜುಲೈ ತಿಂಗಳು. ಬೇಟೆಯ ಕಾಲ ಇನ್ನೂ ದೂರವಿತ್ತು. ಕುದುರೆಗಿಂತ ಎತ್ತರದ ಆ ಕಾಡುಪ್ರಾಣಿ ಅವಳ ಎಲೆಕೋಸಿನ ಮಡಿಯಲ್ಲಿ ನಿಂತು ಅಪ್ಪನ ಮನೆಯ ಆಸ್ತಿ ಎಂಬಂತೆ ಮೇಯುತ್ತಿತ್ತು. ಅತ್ತೆ ಅಡುಗೆಮನೆಯ ಕಿಟಕಿ ಎತ್ತಿದಳು, ಬಂದೂಕಿಗೆ ಹೆಗಲು ಕೊಟ್ಟಳು. ಒಂದೇ ಗುಂಡು. ಎಂಬತ್ತರ ಹತ್ತಿರದ ಹೆಂಗಸು! ಕೇಳಿದಾಗ ನನಗೆ ಎಷ್ಟು ಹೆಮ್ಮೆಯಾಯಿತೆಂದರೆ ಹೇಳತೀರದು. ಆದರೆ ಸರ್ಕಾರದ ಉಚಿತ ಕಾನೂನು ನೆರವಿನ ವಕೀಲೆ ಅದನ್ನೆಲ್ಲ ಮುಖದ ಮೇಲೆ ತೋರಿಸುವಂತಿಲ್ಲ.

"ಅತ್ತೆ, ನೀವು ಹೊಡೆದ್ರಾ ಇಲ್ವಾ ಅಂತ ನಾನು ಕೇಳೇ ಇಲ್ಲ" ಎಂದೆ.

"ನೀನು ಕೇಳದಿದ್ರೆ ನಾನು ಹೇಳಬಾರದಾ? ಹೊಡೆದೆ. ಸರಿಯಾಗಿ ಕಿವಿ ಹಿಂದಕ್ಕೆ."

"ಅಯ್ಯೋ, ಬಾಯಿಗೆ ಬೀಗ ಹಾಕ್ಕೊಳ್ಳಿ ಅತ್ತೆ!"

"ಯಾಕೆ ಕಣೇ ಯೂನಿ? ನಿನ್ನನ್ನ ಎತ್ತಿ ಆಡ್ಸಿದೀನಿ ನಾನು. ನಿಂಗೂ ಸುಳ್ಳು ಹೇಳ್ಲಾ?"

ಇದೇ ನನ್ನ ತಲೆನೋವು. ಜಿಗ್ಗರ್ ಕೋವಿನಲ್ಲಿ ಹುಟ್ಟಿದವರಿಗೆಲ್ಲ ಟ್ರಿಫಿನಾ ಕೀಪಿಂಗ್ ಅತ್ತೆಯೇ. ನ್ಯೂಫೌಂಡ್‌ಲ್ಯಾಂಡಿನ ಈ ಕರಾವಳಿಯಲ್ಲಿ ತಲೆ ನರೆತವರನ್ನು ಹೆಸರು ಹಿಡಿದು ಕರೆದರೆ ನಾಲಗೆ ಬಿದ್ದುಹೋಗುತ್ತದೆ ಎಂದೇ ನಮ್ಮನ್ನು ಬೆಳೆಸಿದ್ದು. ಆ ಅತ್ತೆಗೆ ಒಂದು ಕಾಯಿಲೆ ಇದೆ. ಕೇಳಿದ್ದಕ್ಕೆಲ್ಲ ನಿಜ ಹೇಳುತ್ತಾಳೆ. ಸಾಲದ್ದಕ್ಕೆ ಕೇಳದ್ದಕ್ಕೂ ಹೇಳುತ್ತಾಳೆ. ಇಂಥ ಕಕ್ಷಿದಾರರಿಗಿಂತ ಪಕ್ಕಾ ಕಳ್ಳರು ವಾಸಿ.

ಆರೋಪ ಸಾಬೀತಾದರೆ ದಂಡ ಹಾಕುತ್ತಿದ್ದರು. ಅದಕ್ಕೆ ಅವಳು ಕ್ಯಾರೇ ಎನ್ನುತ್ತಿರಲಿಲ್ಲ. ಆದರೆ ಬಂದೂಕು ಸರ್ಕಾರಕ್ಕೆ ಹೋಗುತ್ತಿತ್ತು, ಮುಂದಿನ ಐದು ವರ್ಷ ಬೇಟೆಯ ಲೈಸೆನ್ಸ್ ಇಲ್ಲ. ಹುಡುಗಿಯಾಗಿದ್ದಾಗ ಅಪ್ಪನ ಹಿಂದೆ ಕಾಡಿಗೆ ಹೋದವಳು, ಒಂದು ಶರತ್ಕಾಲವನ್ನೂ ತಪ್ಪಿಸಿದವಳಲ್ಲ. ಹೆರಿಗೆಯಾದ ವರ್ಷವೂ ಹೋಗಿದ್ದಳಂತೆ, ಕೂಸನ್ನು ಗಂಡನ ಕೈಗೆ ಕೊಟ್ಟು.

"ಐದು ವರ್ಷ ಅಂತೀಯಲ್ಲ" ಎಂದಳು ಆವತ್ತು, ಟೀ ಬಟ್ಟಲು ತಿರುಗಿಸುತ್ತ. "ಐದು ವರ್ಷ ಆದ್ಮೇಲೆ ನನ್ನ ಕಣ್ಣಿರುತ್ತಾ? ಮಂಡಿ ಇರುತ್ತಾ? ನಾನೇ ಇರ್ತೀನಾ? ನನ್ನ ಪಾಲಿಗೆ ಅದು ಐದು ವರ್ಷ ಅಲ್ಲ ಮಗಳೇ. ಅಷ್ಟೇ, ಮುಗೀತು ಅಂತ."

ಅವಳ ಧ್ವನಿ ನಡುಗಿದ್ದನ್ನು ನಾನು ನನ್ನ ಜನ್ಮದಲ್ಲಿ ಕೇಳಿದ್ದು ಅದೇ ಮೊದಲು. ಈ ಕೇಸು ಗೆಲ್ಲದಿದ್ದರೆ ನನ್ನ ಕಪ್ಪು ಕೋಟನ್ನು ಸಮುದ್ರಕ್ಕೆಸೆಯುತ್ತೇನೆ ಎಂದುಕೊಂಡೆ.

ಗೆಲ್ಲಲು ಇದ್ದದ್ದು ಒಂದೇ ದಾರಿ. ಮಾಂಸದ ಬಾಟಲಿಗಳು, ಬಂದೂಕು, ಅವಳೇ ಬಾಯಿಬಿಟ್ಟು ಹೇಳಿದ ಮಾತು, ಇಷ್ಟೇ ಸರ್ಕಾರದ ಬಳಿ ಇದ್ದ ಸಾಕ್ಷ್ಯ. ಅದಷ್ಟೂ ಪೊಲೀಸರ ಕೈಗೆ ಸಿಕ್ಕಿದ್ದು ಒಂದೇ ಒಂದು ಸಲ ಮನೆಯೊಳಗೆ ಕಾಲಿಟ್ಟದ್ದರಿಂದ. ಆ ಕಾಲಿಟ್ಟದ್ದೇ ತಪ್ಪೆಂದು ತೋರಿಸಿದರೆ ಎಲ್ಲವೂ ಬಿದ್ದುಹೋಗುತ್ತದೆ.

ಹಾಗೆ ಕಾಲಿಟ್ಟವನು ಡ್ವೇನ್ ಸ್ಟ್ರಿಕ್‌ಲ್ಯಾಂಡ್. ಇಲ್ಲಿ ಕಥೆ ಸ್ವಲ್ಪ ನೋಯುತ್ತದೆ. ಅವನೂ ನಮ್ಮೂರಿನವನೇ. ಅವನ ತಾಯಿ ಮೀನಿನ ಕಾರ್ಖಾನೆಯಲ್ಲಿ ಪಾಳಿಗೆ ಹೋಗುತ್ತಿದ್ದಾಗ ಅವನು ಉಂಡದ್ದು, ಮಲಗಿದ್ದು, ಮಗ್ಗಿ ಕಲಿತದ್ದು ಎಲ್ಲ ಟ್ರಿಫಿ ಅತ್ತೆಯ ಅಡುಗೆಮನೆಯಲ್ಲಿ. ದೊಡ್ಡವನಾಗಿ ಪೊಲೀಸ್ ಸೇರಿ, ಎಲ್ಲೆಲ್ಲೋ ತಿರುಗಿ, ಆ ಬೇಸಿಗೆಗೆ ಯಾರದೋ ಬದಲಿಗೆ ನಮ್ಮ ಕಡೆ ಬಂದಿದ್ದ. ಬೇಸಿಗೆ ಮನೆ ಕೊಂಡ ಪರಊರಿನವರು ಯಾರೋ ಗುಂಡಿನ ಸದ್ದು ಕೇಳಿಸಿತೆಂದು ದೂರು ಕೊಟ್ಟರು. ಡ್ವೇನ್ ಸಮವಸ್ತ್ರ ಹಾಕಿಕೊಂಡು ಜೀಪಿನಲ್ಲಿ ಬಂದ. ಹಿತ್ತಲಿಗೆ ಸುತ್ತಿ ಬಂದು, ಚಾವಡಿಯಲ್ಲಿ ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲೇ ಅಡುಗೆಮನೆಗೆ ನಡೆದ. ಬಾಗಿಲು ತಟ್ಟಲಿಲ್ಲ. ನಮ್ಮೂರಲ್ಲಿ ಯಾರೂ ತಟ್ಟುವುದಿಲ್ಲ.

ಮೇಜಿನ ತುಂಬ ಗಾಜಿನ ಬಾಟಲಿ, ಕತ್ತರಿಸಿದ ಮಾಂಸ, ಈರುಳ್ಳಿ. ಒಲೆಯ ಮೇಲೆ ದೊಡ್ಡ ಹಂಡೆಯಲ್ಲಿ ಮುಚ್ಚಳ ಬಿಗಿದ ಬಾಟಲಿಗಳು ಕುದಿಯುತ್ತಿದ್ದವು. "ಬಾ ಮಗಾ, ಕೂತ್ಕೋ, ಸೊರಗಿದೀಯ" ಎಂದು ಅತ್ತೆ ಸುಟ್ಟ ಬ್ರೆಡ್ಡಿನ ಮೇಲೆ ಬಿಸಿ ಮಾಂಸ ಸುರಿದು ಕೊಟ್ಟಳು. ಪುಣ್ಯಾತ್ಮ ತಿಂದ. ತಿಂದು, ಬಾಯಿ ಒರೆಸಿಕೊಂಡು, "ಇದೆಲ್ಲಿಂದ ಬಂತು ಅತ್ತೆ?" ಎಂದ. ಅತ್ತೆ ಹೇಳಿದಳು. ಅವಳ ಕಾಯಿಲೆ ಗೊತ್ತಲ್ಲ, ಗುಂಡು ತಾಗಿದ ಜಾಗದ ಸಮೇತ ಹೇಳಿದಳು. ಡ್ವೇನ್ ಕೆಂಪಾಗಿ ಎದ್ದು ನಿಂತು, "ಅತ್ತೆ, ಇದನ್ನ ನಾನು ತಗೊಂಡು ಹೋಗ್ಲೇಬೇಕು" ಎಂದು ಕಣ್ಣಿಗೆ ಬಿದ್ದ ಬಾಟಲಿ, ಬಂದೂಕು ಎಲ್ಲ ಜೀಪಿಗೆ ತುಂಬಿದ.

"ಉಂಡ ಮನೆ ಜಂತೆ ಎಣಿಸಿದ" ಎಂದು ಅತ್ತೆಯ ಗಂಡ ಸೆಲ್ಬಿ ಮಾವ ಊರೆಲ್ಲ ಸಾರಿದ. ಆಮೇಲೆ ಡ್ವೇನ್ ಎದುರಾದರೆ ಮಾವ ಸಮುದ್ರದ ಕಡೆ ಮುಖ ತಿರುಗಿಸುತ್ತಿದ್ದ. ಅತ್ತೆ ಮಾತ್ರ ಒಂದು ಮಾತೂ ಬೈಯಲಿಲ್ಲ. ಅದೇ ಡ್ವೇನ್‌ನನ್ನು ಹೆಚ್ಚು ಚುಚ್ಚಿರಬೇಕು.

ನಮ್ಮ ಕಡೆ ಕೋರ್ಟು ಊರಿಗೇ ಬರುತ್ತದೆ. ಜಡ್ಜ್ ನೋಸ್‌ವರ್ದಿ ದೋಣಿ ಇಳಿದು ಬಂದು ಚರ್ಚಿನ ಹಾಲ್‌ನಲ್ಲಿ ಕೂತರು. ಗಂಭೀರ ಹೆಂಗಸು, ಪಟ್ಟಣದವರು, ಕನ್ನಡಕದ ಮೇಲಿಂದ ನೋಡಿದರೆ ಗಂಡಸರ ಕೈ ತಾನಾಗಿ ಜೇಬಿನಿಂದ ಹೊರಗೆ ಬರುತ್ತಿತ್ತು. ಊರಿಗೆ ಊರೇ ಬಂದಿತ್ತು. ಹೆಂಗಸರು ಕಾಕಂಬಿ ಬನ್ನು ತಂದಿದ್ದರು, ಹೆಣಿಗೆ ತಂದಿದ್ದರು. ಮುದ್ದೆಮಾಲಿನ ಮೇಜಿನ ಮೇಲೆ ಬಂದೂಕು, ಪಕ್ಕದಲ್ಲಿ ಚೀಟಿ ಅಂಟಿಸಿದ ಬಾಟಲಿಗಳ ಸಾಲು. ಬೆಳಕಿಗೆ ಮಾಂಸ ಎಷ್ಟು ಚೆಂದ ಕಾಣುತ್ತಿತ್ತೆಂದರೆ ಮುಂದಿನ ಸಾಲಿನವರು ಕೇಸಿಗಿಂತ ಅದನ್ನೇ ನೋಡುತ್ತಿದ್ದರು. ಸೆಲ್ಬಿ ಮಾವ ಮಾತ್ರ ಬಂದಿರಲಿಲ್ಲ. "ಅವಳನ್ನ ಕಟಕಟೆಯಲ್ಲಿ ನೋಡಕ್ಕೆ ನನ್ ಕೈಲಾಗಲ್ಲ" ಎಂದು ಮನೆಯಲ್ಲೇ ಕೂತಿದ್ದ.

ಮೂಲ ವಿಚಾರಣೆಗೆ ಮುಂಚೆ ಒಂದು ಮರಿ ವಿಚಾರಣೆ ನಡೆಯುತ್ತದೆ. ಸಾಕ್ಷ್ಯವನ್ನು ಒಳಗೆ ಬಿಡಬೇಕೋ ಬೇಡವೋ, ಅಷ್ಟೇ ಅಲ್ಲಿನ ಪ್ರಶ್ನೆ. ಅತ್ತೆ ಮೂಸ್ ಹೊಡೆದಳೇ ಎಂದು ಅಲ್ಲಿ ಯಾರೂ ಕೇಳುವಂತಿಲ್ಲ. ದೇವರು ದೊಡ್ಡವನು.

ಮೊದಲು ಡ್ವೇನ್. ನಾನು ಪಾಟಿ ಸವಾಲಿಗೆ ಎದ್ದೆ.

"ಕಾನ್‌ಸ್ಟೇಬಲ್, ಆವತ್ತು ನೀವು ಹೋಗಿದ್ದು ಟೀ ಕುಡಿಯೋಕಾ, ಕೆಲಸಕ್ಕಾ?"

"ಕೆಲಸಕ್ಕೆ."

"ವಾರಂಟ್ ಇತ್ತಾ?"

"ಇಲ್ಲ."

"ತಟ್ಟಿದ್ರಾ?"

"ಇಲ್ಲ."

"ದೂರಿನ ಮೇಲೆ ಬಂದಿದೀನಿ ಅಂತ ಹೇಳಿದ್ರಾ?"

ಅವನು ತನ್ನ ಟೊಪ್ಪಿಯನ್ನು ನೋಡಿಕೊಂಡ. "ಹೇಳೋಣ ಅಂತಲೇ ಹೋಗಿದ್ದೆ. ಆದ್ರೆ... ಕಾಲು ತಾನಾಗೇ ಹಿತ್ತಲಿಗೆ ಹೋಯ್ತು. ಬೂಟು ಬಿಚ್ಚಿದ ಮೇಲೆ ನಂಗೆ ನಾನು ಪೊಲೀಸು ಅನ್ನೋದೇ ಮರೆತುಹೋಯ್ತು. ಅತ್ತೆ ತಟ್ಟೆ ಕೊಟ್ರು."

"ಎಷ್ಟು ತಟ್ಟೆ?"

ಸರ್ಕಾರಿ ವಕೀಲ ಕ್ಯಾಲ್ಡರ್ ಟೊರಾಂಟೊದಿಂದ ಹೊಸದಾಗಿ ಬಂದವನು, ಇಸ್ತ್ರಿ ಮಾಡಿದ ಮುಖ. ಎದ್ದು, "ಆಕ್ಷೇಪಣೆ! ಎಷ್ಟು ತಿಂದರು ಅನ್ನೋದು ಇಲ್ಲಿ ಬರಲ್ಲ" ಎಂದ.

"ಇರಲಿ, ನನಗೂ ಕೇಳಬೇಕು" ಎಂದರು ಜಡ್ಜ್.

"ಎರಡು" ಎಂದ ಡ್ವೇನ್. ಹಾಲ್ ತುಂಬ ನಗು. ಹಿಂದಿನ ಬೆಂಚಿನಿಂದ ಯಾರೋ, "ಮೂರು ಅನ್ನೋ, ಹೊಟ್ಟೆಬಾಕ!" ಎಂದು ಕೂಗಿದರು. ಜಡ್ಜ್ ಕನ್ನಡಕದ ಮೇಲಿಂದ ನೋಡಿದ ಮೇಲೆ ಸದ್ದಡಗಿತು.

ಕ್ಯಾಲ್ಡರ್ ದಡ್ಡನೇನಲ್ಲ. ಅವನ ವಾದಕ್ಕೆ ಬುಡ ಗಟ್ಟಿಯಿತ್ತು. "ಮೇಡಂ, ಪೊಲೀಸರು ಉಳಿದ ನೆಂಟರಿಷ್ಟರ ಹಾಗೆ ಬಾಗಿಲ ತನಕ ಹೋಗಬಹುದು, ಇದು ಕಾನೂನು. ಈ ಊರಲ್ಲಿ ಯಾರೂ ತಟ್ಟಲ್ಲ, ಎಲ್ಲರೂ ನೇರ ಒಳಗೇ ಹೋಗ್ತಾರೆ. ಅಂದಮೇಲೆ ಇಲ್ಲಿನ ಬಾಗಿಲು ಎಲ್ಲರಿಗೂ ತೆರೆದ ಬಾಗಿಲು. ಇನ್ನು ಮುಂಬಾಗಿಲಿಗೆ ಹೋಗಬೇಕಿತ್ತು ಅಂತೀರಾ? ಆ ಮನೆ ಮುಂಬಾಗಿಲಿಗೆ ಮೆಟ್ಟಿಲೇ ಇಲ್ಲ! ಆಳೆತ್ತರದಲ್ಲಿ ಗೋಡೆಗೆ ನೇತು ಹಾಕಿದಾರೆ. ಹಾರಿ ಹೋಗಿ ತಟ್ಟಬೇಕಿತ್ತಾ?"

ಅವನು ಹೇಳಿದ್ದು ಸರಿ. ನಮ್ಮಲ್ಲಿ ಬಹಳ ಮನೆಗಳ ಮುಂಬಾಗಿಲು ಹಾಗೇ. ಬಾಗಿಲಿಟ್ಟವರು ಮೆಟ್ಟಿಲು ಕಟ್ಟಲೇ ಇಲ್ಲ, ಯಾರಿಗೂ ಬೇಕಾಗಲೂ ಇಲ್ಲ. ಜಡ್ಜ್ ತಲೆಯಾಡಿಸುತ್ತ ಬರೆದುಕೊಂಡರು.

ಅತ್ತೆಯನ್ನು ಕಟಕಟೆಗೆ ಕರೆದೆ. ಕೇಳಿದ್ದಕ್ಕಷ್ಟೇ ಉತ್ತರ, ಒಂದು ಅಕ್ಷರ ಹೆಚ್ಚಿಗೆ ಬೇಡ ಎಂದು ಬೆಳಗಿನಿಂದ ಗಿಣಿಗೆ ಹೇಳಿದಂತೆ ಹೇಳಿದ್ದೆ. ಕ್ಯಾಲ್ಡರ್ ಬಹಳ ವಿನಯವಾಗಿ ಕೇಳಿದ: "ಅವರು ಸಮವಸ್ತ್ರದಲ್ಲಿದ್ದರು ಅಲ್ವಾ ಅಮ್ಮ? ಆದ್ರೂ ನೀವೇ ಬಾ, ಕೂತ್ಕೋ ಅಂದ್ರಿ."

"ಹೂಂ. ಡ್ವೇನ್‌ಗೆ ಅಂದೆ."

"ಪೊಲೀಸ್ ಬಟ್ಟೆ ಕಾಣಿಸ್ಲಿಲ್ವಾ?"

"ನೋಡಪ್ಪಾ, ಆ ಹುಡುಗ ನಮ್ಮನೆಗೆ ಹಾಕಿ ಆಟದ ಬಟ್ಟೆಯಲ್ಲಿ ಬಂದಿದಾನೆ, ಮದುವೆ ಸೂಟಲ್ಲಿ ಬಂದಿದಾನೆ, ಒಂದ್ಸಲ ಸಮುದ್ರಕ್ಕೆ ಬಿದ್ದು ಬಟ್ಟೇನೇ ಇಲ್ಲದೆ ಬಂದಿದಾನೆ. ನಾನು ಮುಖ ನೋಡ್ತೀನಿ, ಅಂಗಿ ನೋಡಲ್ಲ." ಡ್ವೇನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಅತ್ತೆ ಅಲ್ಲಿಗೆ ನಿಲ್ಲಿಸಬೇಕಲ್ಲ? "ಮತ್ತೆ ಆ ಮೂಸ್ ಇದ್ಯಲ್ಲ, ಅದು..."

"ಸಾಕು! ನನ್ನ ಪ್ರಶ್ನೆ ಏನೂ ಇಲ್ಲ ಮೇಡಂ!" ಎಂದು ನಾನು ಕಿರುಚಿದೆ.

ಆಗ ಕ್ಯಾಲ್ಡರ್ ಎದ್ದು ತನ್ನ ಗುಂಡಿ ತಾನೇ ತೋಡಿಕೊಂಡ. ಬಹಳ ಆತ್ಮವಿಶ್ವಾಸ ಪಾಪ. "ಮೇಡಂ, ಮನೆ ಇಲ್ಲೇ ಹತ್ತಿರದಲ್ಲಿದೆ. ನ್ಯಾಯಾಲಯ ಸ್ಥಳ ಪರಿಶೀಲನೆ ಮಾಡಬೇಕು ಅಂತ ಕೋರ್ತೇನೆ. ಆ ಬಾಗಿಲು ಕಣ್ಣಾರೆ ನೋಡಿದ್ರೆ ನನ್ನ ವಾದ ಸ್ಪಷ್ಟ ಆಗುತ್ತೆ."

ಹೊರಟೆವು. ಮುಂದೆ ಜಡ್ಜ್, ಹಿಂದೆ ಅತ್ತೆ, ಡ್ವೇನ್, ನಾನು, ಅದರ ಹಿಂದೆ ಊರು. ಬನ್ನು ತಿನ್ನುತ್ತಲೇ ಬಂದರು. ಮಂಜು ಕರಗಿ ಬಿಸಿಲು ಬಿದ್ದಿತ್ತು, ಯಾರೋ ಹಾಡು ಶುರುಮಾಡಿದ್ದರು, ಮದುವೆ ದಿಬ್ಬಣ ಎನ್ನಬೇಕು. ಗಾಳಿಯಲ್ಲಿ ನೇತಾಡುವ ಮುಂಬಾಗಿಲನ್ನು ಕ್ಯಾಲ್ಡರ್ ಕೈಚಾಚಿ ತೋರಿಸಿದ. ಜಡ್ಜ್ ತಲೆಯಾಡಿಸಿದರು. ಹಿತ್ತಲಿಗೆ ಸುತ್ತಿಬಂದೆವು. ಎಲೆಕೋಸಿನ ಮಡಿಯ ಗತಿ ನೋಡಿ ಜಡ್ಜ್ "ಛೆ ಛೆ" ಎಂದರು, ನಾನು ಬೇರೆಲ್ಲೋ ನೋಡಿದೆ.

ಹಿಂಬಾಗಿಲು ಅರೆ ತೆರೆದಿತ್ತು. "ಒಳಗೂ ನೋಡೋಣ" ಎಂದರು ಜಡ್ಜ್. "ಹೆಜ್ಜೆ ಹಾಕಿ, ಮಿಸ್ಟರ್ ಕ್ಯಾಲ್ಡರ್. ನೀವೇ ಮುಂದೆ ನಡೀರಿ."

ಕ್ಯಾಲ್ಡರ್ ಮುಂದೆ ಹೋದ. ಕೋಟು ಸರಿಮಾಡಿಕೊಂಡ. ಕೈ ಎತ್ತಿದ. ಟಕ್ ಟಕ್ ಟಕ್ ಎಂದು ಬಾಗಿಲು ತಟ್ಟಿದ.

ಊರಿಗೆ ಊರೇ ಉಸಿರು ಬಿಗಿಹಿಡಿಯಿತು. ಒಳಗೆ ಕುರ್ಚಿ ಧಡಾರನೆ ಬಿತ್ತು. ಬೀರುವಿನ ಬಾಗಿಲು ಬಡಿಯಿತು, ಪಾತ್ರೆ ಉರುಳಿತು, ಮತ್ತೇನೋ ಬೀರುವಿಗೆ ಸೇರಿತು. "ಯಾರು ಸತ್ರು?" ಎಂದು ಸೆಲ್ಬಿ ಮಾವನ ಕೂಗು ಕೇಳಿಸಿತು. ಆಮೇಲೆ ಅಳು ಬೆರೆತ ಇನ್ನೊಂದು ಕೂಗು: "ಹಾಕಿಬಿಟ್ರಾ? ನನ್ ಟ್ರಿಫೀನ ಜೈಲಿಗೆ ಹಾಕಿಬಿಟ್ರಾ?"

ಬಾಗಿಲು ತೆರೆದುಕೊಂಡಿತು. ಮಾವನ ಮುಖ ಸುಣ್ಣದಂತೆ ಬಿಳಿಚಿತ್ತು. ಕ್ಯಾಲ್ಡರನ ಹೆಗಲಾಚೆ ಅತ್ತೆ ಕಂಡದ್ದೇ ತಡ, ಅವನನ್ನು ಪಕ್ಕಕ್ಕೆ ತಳ್ಳಿ ಬಂದು ಹೆಂಡತಿಯನ್ನು ತಬ್ಬಿಕೊಂಡುಬಿಟ್ಟ. "ಯಾವ ಮುಟ್ಠಾಳನೇ ಬಾಗಿಲು ತಟ್ಟಿದ್ದು? ಪ್ರಾಣ ಹೋಗಿತ್ತಲ್ಲೇ ನಂದು!"

"ಇವ್ರು ರೀ, ಸರ್ಕಾರಿ ವಕೀಲ್ರು" ಎಂದು ಅತ್ತೆ ಪರಿಚಯ ಮಾಡಿಕೊಟ್ಟಳು.

ನಾನು ಬಾಯಿ ತೆರೆಯುವ ಮೊದಲೇ ಜಡ್ಜ್ ಕೇಳಿದರು: "ಮಿಸ್ಟರ್ ಕ್ಯಾಲ್ಡರ್, ಇದು ಎಲ್ಲರಿಗೂ ತೆರೆದ ಬಾಗಿಲು ಅಂದ್ರಿ. ತೆರೆದೂ ಇತ್ತು. ಮತ್ಯಾಕೆ ತಟ್ಟಿದ್ರಿ?"

ಕ್ಯಾಲ್ಡರ್ ತನ್ನ ಕೈಯನ್ನೇ ನೋಡಿಕೊಂಡ. ಆ ಕೈ ಬೇರೆಯವರದೇನೋ ಎಂಬಂತೆ ನೋಡಿದ. "ನಾನು... ಕೆಲಸದ ಮೇಲೆ ಬಂದಿದೀನಲ್ಲ ಮೇಡಂ. ಸುಮ್ನೆ ಹೇಗೆ ನುಗ್ಗೋದು?"

"ಅದೇ ಮೇಡಂ!" ಎಂದೆ ನಾನು, ನ್ಯಾಯಾಲಯದ ಗೌರವ ಗಾಳಿಗೆ ತೂರಿ. "ಇಲ್ಲಿ ತಟ್ಟೋದು ಪಾದ್ರಿ, ಸಾವಿನ ಸುದ್ದಿ, ಪೊಲೀಸು, ಇಷ್ಟೇ. ತಟ್ಟಿದ್ರೆ ಮನೆಯೋರು ಎಚ್ಚರ ಆಗ್ತಾರೆ, ಹೊರಗೆ ಬರ್ತಾರೆ, ಏನು ಅಂತ ಕೇಳ್ತಾರೆ. ಬೇಡ ಅನ್ನಿಸಿದ್ರೆ ಬೇಡ ಅಂತಾರೆ. ತಟ್ಟದೆ ಬಂದೋನು ಮನೆಮಗ. ಡ್ವೇನ್ ಮನೆಮಗನಾಗಿ ಒಳಗೆ ಹೋಗಿ ಪೊಲೀಸಾಗಿ ಹೊರಗೆ ಬಂದ. ಬೇಡ ಅನ್ನೋಕೆ ಅತ್ತೆಗೆ ಅವಕಾಶ ಎಲ್ಲಿತ್ತು?"

ಜಡ್ಜ್ ಒಳಗೆ ಬಂದರು. ಅಡುಗೆಮನೆಯ ಮೇಜಿನ ಮೇಲೆ ಶುಭ್ರ ಬಟ್ಟೆ, ಅದರ ಮೇಲೆ ಬೈಬಲ್, ಬೈಬಲ್ ತಲೆಕೆಳಗು. ಜಡ್ಜ್ ಮೂಗರಳಿಸಿದರು. "ಏನೋ ಒಳ್ಳೆ ವಾಸನೆ."

"ವಾರಂಟ್ ಇಲ್ಲ ಮೇಡಂ" ಎಂದೆ ಥಟ್ಟನೆ.

"ನನ್ನ ಮೂಗು ಇವತ್ತು ರಜದಲ್ಲಿದೆ" ಎಂದರು ಆ ಗಂಭೀರ ಹೆಂಗಸು.

ಹಾಲ್‌ಗೆ ವಾಪಸಾಗಿ ತೀರ್ಪು ಹೇಳಿದರು. ಒಂದು ಊರಿನ ಸಲಿಗೆ ಆ ಊರಿನವರ ಸೊತ್ತು, ಅದನ್ನು ವಾರಂಟಿನ ಬದಲಿಗೆ ಬಳಸುವಂತಿಲ್ಲ. ಕಾನ್‌ಸ್ಟೇಬಲ್ ಕೆಟ್ಟ ಮನಸ್ಸಿನಿಂದ ಮಾಡಿದ್ದಲ್ಲ, ಆದರೆ ಮನೆಯ ಒಲೆಯ ತನಕ ಹೋಗಿ ಮಾಡಿದ್ದು. ಈ ಸಾಕ್ಷ್ಯವನ್ನು ಒಪ್ಪಿದರೆ ನಾಳೆಯಿಂದ ಜಿಗ್ಗರ್ ಕೋವಿನ ಪ್ರತಿ ಬಾಗಿಲಿಗೂ ಚಿಲಕ ಬೀಳುತ್ತದೆ, ಅದು ಒಂದು ಮೂಸ್‌ಗಿಂತ ದೊಡ್ಡ ನಷ್ಟ ಎಂದರು. ಬಾಟಲಿ, ಬಂದೂಕು, ಮಾತು, ಮೂರೂ ಸಾಕ್ಷ್ಯದಿಂದ ಹೊರಗೆ. ಕ್ಯಾಲ್ಡರ್ ಎದ್ದು ತನ್ನ ಬಳಿ ಬೇರೆ ಸಾಕ್ಷ್ಯವಿಲ್ಲ ಎಂದ. ಬಿಡುಗಡೆ! ಬಂದೂಕು ವಾಪಸ್. ಮಾಂಸ ಮಾತ್ರ ವಾಪಸಿಲ್ಲ ಎಂದಾಗ ಮುಂದಿನ ಸಾಲಿನವರು ನಿಟ್ಟುಸಿರು ಬಿಟ್ಟರು. ಆಮೇಲೆ ಎದ್ದ ಗದ್ದಲ ದೋಣಿಯವರಿಗೂ ಕೇಳಿಸಿರಬೇಕು. ನಾನು ಅತ್ತಿದ್ದು ಎಷ್ಟೋ, ನಕ್ಕಿದ್ದು ಎಷ್ಟೋ. ಕ್ಯಾಲ್ಡರನ ಎರಡೂ ಕೈಗೆ ಹೆಂಗಸರು ಬನ್ನು ತುರುಕಿದ್ದರು, ಅವನೂ ನಗುತ್ತಿದ್ದ.

ಮಧ್ಯಾಹ್ನ ನಾನು ಅತ್ತೆಯ ಅಡುಗೆಮನೆಯಲ್ಲಿ ಡಬ್ಬಿ ಹಾಲಿನ ಟೀ ಕುಡಿಯುತ್ತ ಕಾಲು ಚಾಚಿ ಕೂತಿದ್ದೆ. ಸೆಲ್ಬಿ ಮಾವ ಕ್ಯಾಲ್ಡರ್ ತಟ್ಟಿದ ಬಗೆಯನ್ನು ಅಭಿನಯಿಸಿ ತೋರಿಸುತ್ತಿದ್ದ. ಆಗ ಬಾಗಿಲಲ್ಲಿ ಸದ್ದಾಯಿತು. ಟಕ್. ಒಂದೇ ಸಲ, ಮೆಲ್ಲಗೆ.

ಮಾವನ ಕೈ ಗಾಳಿಯಲ್ಲೇ ನಿಂತಿತು.

"ಯಾರೋ ಅದು?" ಎಂದಳು ಅತ್ತೆ, ಕೂತಲ್ಲಿಂದಲೇ.

"ನಾನು ಅತ್ತೆ. ಬಂದೂಕು ತಂದಿದೀನಿ."

"ನಾನು ಅಂದ್ರೆ? ಪೊಲೀಸೋ, ಡ್ವೇನೋ?"

ಆಚೆ ಕಡೆ ಬಂದೂಕನ್ನು ಗೋಡೆಗೆ ಒರಗಿಸಿದ ಸದ್ದು. ಆಮೇಲೆ ಒಡೆದ ಧ್ವನಿಯಲ್ಲಿ, "ಡ್ವೇನ್ ಅತ್ತೆ."

"ಮತ್ತೆ ತಟ್ಟೋದ್ಯಾಕೋ ಕತ್ತೆ? ನಿಮ್ಮನೆಗೆ ಬೆಂಕಿ ಬಿದ್ದಿದ್ಯಾ? ಬಾ ಒಳಗೆ!"

ಬೂಟು ಬಿಚ್ಚುವ ಸದ್ದು ಕೇಳಿಸಿತು. ಕಾಲುಚೀಲದಲ್ಲಿ ಬಂದ, ಟೊಪ್ಪಿ ಇಲ್ಲ, ಅವರಪ್ಪನ ಹಳೇ ಸ್ವೆಟರು. ಬಂದೂಕನ್ನು ಮೂಲೆಯಲ್ಲಿ ಅದರ ಜಾಗಕ್ಕೇ ಒರಗಿಸಿದ. ಅತ್ತೆ ಅವನ ಮುಂದೆ ಬ್ರೆಡ್ಡು, ಕಾಕಂಬಿ ಇಟ್ಟಳು. ಮಾವ ಕಿಟಕಿಯಾಚೆ ಸಮುದ್ರ ನೋಡುತ್ತಿದ್ದ.

"ಅತ್ತೆ" ಎಂದ ಡ್ವೇನ್, ತಟ್ಟೆಯಿಂದ ತಲೆಯೆತ್ತದೆ. "ಶರತ್ಕಾಲಕ್ಕೆ ನಿಮಗೆ ಲೈಸೆನ್ಸ್ ಬಂದ್ರೆ... ಮಾವನ ಮಂಡಿ ಸರಿಯಿಲ್ಲವಲ್ಲ. ತೊಡೆ ಮಾಂಸ ಹೊತ್ಕೊಂಡು ಬರೋಕೆ ಯಾರಿದಾರೆ?"

ಅತ್ತೆ ಅವನ ಬ್ರೆಡ್ಡಿನ ಮೇಲೆ ಇನ್ನಷ್ಟು ಕಾಕಂಬಿ ಸುರಿದಳು. ಅವಳ ಕಣ್ಣು ತುಂಬಿದ್ದು ನನಗೆ ಕಂಡಿತು. ಮಾವ ಸಮುದ್ರ ಬಿಟ್ಟು ಇತ್ತ ತಿರುಗಿ, "ಬೆನ್ನು ಗಟ್ಟಿ ಇದ್ಯೇನೋ, ಇಲ್ಲಾ ಕುರ್ಚಿಲಿ ಕೂತು ಕೂತು ಸವೆದು ಹೋಗಿದ್ಯೋ?" ಎಂದ. ಎಷ್ಟೋ ವಾರಗಳ ಮೇಲೆ ಅವನ ಬಾಯಿಂದ ಆ ಹುಡುಗನಿಗೆ ಬಿದ್ದ ಮೊದಲ ಮಾತು. ಡ್ವೇನ್ ನಕ್ಕ, ಮೂಗು ಒರೆಸಿಕೊಂಡ.

ಅತ್ತೆ ಎದ್ದು ಬೀರು ತೆರೆದಳು. ಬೈಬಲ್ ಸರಿಸಿ ಒಂದು ಬಾಟಲಿಯನ್ನು ಮೇಜಿನ ಮೇಲಿಟ್ಟು ಮುಚ್ಚಳಕ್ಕೆ ಕೈ ಹಾಕಿದಳು.

"ಅತ್ತೆ! ಅವನು ಪೊಲೀಸು!"

"ಸುಮ್ನಿರೇ ಯೂನಿ. ಇದು ಹೋದ ವರ್ಷದ್ದು. ಲೈಸೆನ್ಸಿಂದು."

ಹೇಳುವಾಗ ಅವಳು ನಮ್ಮ ಯಾರ ಮುಖವನ್ನೂ ನೋಡಲಿಲ್ಲ. ನಿಜವಲ್ಲದೆ ಬೇರೆ ಹೇಳಲು ಬಾರದ ಹೆಂಗಸು; ನಾವು ಮೂವರೂ ನಂಬಿ, ತಟ್ಟೆ ಮುಂದೆ ಚಾಚಿದೆವು.